ಅನ್ನವೂ ವ್ರತವೂ

ಚಾತುರ್ಮಾಸ್ಯ ಬಂದೊಡನೆ ಸಾನಪಾಡಾದ ನಮ್ಮ ಮನೆಗಳಲ್ಲಿ ಶಾಕ, ದಧಿ, ಕ್ಷೀರ, ದ್ವಿದಳ ವ್ರತಗಳು ಕ್ರಮವಾಗಿ ನಡೆಯುತ್ತವೆ. ಈರುಳ್ಳಿ, ಬೆಳ್ಳುಳ್ಳಿಗಳಂತೂ ಸದಾ ನಿಷಿದ್ಧ. ಈ ನಿಯಮವನ್ನು ನಾವು ಪರರ ತಟ್ಟೆಗೂ ವಿಧಿಸಬಹುದೇ?

ಬೆಂಗಳೂರಿನ ಇಸ್ಕಾನ್ 2000ದಲ್ಲಿ ಆರಂಭಿಸಿದ ಅಕ್ಷಯಪಾತ್ರ ಯೋಜನೆಯು ಶಾಲಾಮಕ್ಕಳಿಗೆ ಬಿಸಿಯೂಟವನ್ನು ನೀಡುತ್ತ ಬಂದಿದೆ. ಸರ್ಕಾರದ ಧಾನ್ಯ, ಅನುದಾನಗಳ ಜೊತೆಗೆ ದಾನಿಗಳ ದೇಣಿಗೆಯೂ ಅದಕ್ಕೆ ಸಲ್ಲುತ್ತದೆ. ಆ ಅಡುಗೆಯಲ್ಲಿ ಈರುಳ್ಳಿ-ಬೆಳ್ಳುಳ್ಳಿ ಇಲ್ಲವೆಂದು 2018-19ರಲ್ಲಿ ಕರ್ನಾಟಕದಲ್ಲಿ ವಿವಾದವೆದ್ದಿತು. ಮಕ್ಕಳಿಗೆ ರುಚಿಸದೆಂದರು ಕೆಲವರು. ಪೌಷ್ಟಿಕತೆಗೆ ಕೊರತೆಯಿಲ್ಲವೆಂದರು ಉಳಿದವರು.

ಅಮೆರಿಕದಲ್ಲಿಯೂ 1996ರ ಕಾಯಿದೆಯು ಧಾರ್ಮಿಕ ಸಂಸ್ಥೆಗಳಿಗೆ ಸಮಾಜಸೇವೆಗಾಗಿ ಸರ್ಕಾರದ ಹಣ ಪಡೆಯಲು ಅವಕಾಶವಿತ್ತಿತು; ಆ ಹಣವನ್ನು ಪೂಜೆಗೂ ಮತಪ್ರಚಾರಕ್ಕೂ ಬಳಸಬಾರದೆಂದು ಕಟ್ಟುಮಾಡಿತು.

ನಮ್ಮ ಶಿರೂರು ಮಠದ ಮೊಕದ್ದಮೆಯಲ್ಲಿ 1954ರಲ್ಲಿ ಸುಪ್ರೀಂ ಕೋರ್ಟು, ಯಾವ ಆಚರಣೆ ಅವಶ್ಯವೆಂಬ ನಿರ್ಣಯ ಆಯಾ ಸಂಪ್ರದಾಯದವರದೆಂದಿತು. ಆದುದರಿಂದ ಮಠದ ಪಂಕ್ತಿಯಲ್ಲಿ ಮಠದ ನಿಯಮವೇ ಸರಿ. ಆದರೆ ಶಾಲೆಯ ಊಟ ಪಂಕ್ತಿಭೋಜನವಲ್ಲ. 2001ರ ಸುಪ್ರೀಂ ಕೋರ್ಟಿನ ಆದೇಶದಂತೆ ಅದು ಮಗುವಿನ ಹಕ್ಕು; ಅದರಲ್ಲಿ ಎಲ್ಲ ಮತದವರ ತೆರಿಗೆಯೂ ಬೆರೆತಿದೆ.

ವ್ರತ ಹುಟ್ಟುವುದು ಸಂಕಲ್ಪದಿಂದ. ಸಂಕಲ್ಪ ಮಾಡದವನಿಗೆ ಅದು ವ್ರತವಲ್ಲ, ಬರಿಯ ನಿರ್ಬಂಧ. ನಮ್ಮ ಮಕ್ಕಳು ಮನೆಯಿಂದ ಡಬ್ಬಿ ಒಯ್ಯುತ್ತಾರೆ. ಆ ಮಕ್ಕಳಿಗೆ ಬೇರೆ ಡಬ್ಬಿಯಿಲ್ಲ. ಸ್ವಂತ ದ್ರವ್ಯದಿಂದ ಬಡಿಸುವಾಗ ನಮ್ಮ ನಿಯಮವಿರಲಿ. ಸರ್ಕಾರದ ಧಾನ್ಯಕ್ಕೆ ಕೈಯೊಡ್ಡಿದ ಮೇಲೆ ಉಣ್ಣುವವರ ಮಾತನ್ನೂ ಕೇಳಬೇಕು. ಅದು ಒಪ್ಪಿಗೆಯಾಗದಿದ್ದರೆ ಆ ಸೇವೆಯನ್ನು ಇತರರಿಗೆ ಬಿಡುವುದೇ ಪ್ರಾಮಾಣಿಕತೆ. ವೈಶ್ವಾನರನಾಗಿ ಶ್ರೀಹರಿಯು ಆ ಮಗುವಿನ ಉದರದಲ್ಲಿಯೂ ಇದ್ದಾನಲ್ಲವೇ?

ಶ್ರೀಕೃಷ್ಣಾರ್ಪಣಮಸ್ತು.