ಗಾಳಿಗೆ ಬಿಟ್ಟ ಪರಾಗ

ಆಳಂದ, ಅಫಜಲಪುರ, ಜೇವರ್ಗಿಯ ಎರೆಹೊಲಗಳಲ್ಲಿ ಬಿತ್ತಿದ ಹಿಂಗಾರಿ ಬಿಳಿಜೋಳ ಎಳ್ಳಮಾವಾಸ್ಯೆಯ ಆಸುಪಾಸಿಗೆ ತೆನೆ ಹೊತ್ತು ಹೂ ಬಿಡುತ್ತದೆ. ಆ ಹೂವಿಗೆ ಬಣ್ಣವಿಲ್ಲ, ಕಂಪಿಲ್ಲ. ತೆನೆಯ ತುದಿಯಲ್ಲಿ ಅರಳತೊಡಗಿದ್ದು ದಿನಕ್ಕಷ್ಟು ಕೆಳಗಿಳಿದು ಬುಡ ಮುಟ್ಟಲು ಸುಮಾರು ಒಂದು ವಾರ ಬೇಕು. ನಸುಕಿನಲ್ಲಿ ಹಳದಿ ಪರಾಗಕೋಶಗಳು ಹೊರಗೆ ಜೋತುಬಿದ್ದು ತುದಿಯ ರಂಧ್ರದಿಂದ ಪುಡಿ ಉದುರಿಸುತ್ತವೆ. ಕೆಲವೇ ತಾಸಿನಲ್ಲಿ ಆ ಪುಡಿ ಸತ್ವ ಕಳೆದುಕೊಳ್ಳುತ್ತದೆ. ಒಂದೇ ತೆನೆಯ ಪರಾಗಕಣಗಳು ಕೋಟಿ ದಾಟುತ್ತವೆ, ಕಾಳಾಗುವುದು ಸಾವಿರದ ಲೆಕ್ಕದಲ್ಲಿ. ಉಳಿದದ್ದು ಯಾರ ಪಾಲು?

ಹಿಂದೆ ತೊಗಟೆಯ ಮೇಲೆ ಶಾಸ್ತ್ರಗ್ರಂಥಗಳನ್ನು ಬರೆಯುತ್ತಿದ್ದ ಹಿಮಾಲಯದ ಭೂರ್ಜದ ಬಳಗದ ಮರಗಳಿಗೆ ಉತ್ತರ ಸುಲಭ. ಅವುಗಳಲ್ಲಿ ಬಹುಪಾಲಿಗೆ ತಮ್ಮದೇ ಪರಾಗ ಫಲಿಸದು. ಗಾಳಿಯಲ್ಲಿ ತೇಲಿ ಬೇರೆ ಮರ ಮುಟ್ಟಬೇಕಾದರೆ ರಾಶಿಯೇ ಬೇಕು. ಜೋಳ ಹಾಗಲ್ಲ. ಅದರಲ್ಲಿ ಸಾಮಾನ್ಯವಾಗಿ ನೂರಕ್ಕೆ 85ರಿಂದ 95 ಕಾಳು ಸ್ವಂತ ಪರಾಗದಿಂದಲೇ ಕಟ್ಟುತ್ತವೆ. ಅಗತ್ಯವೆಂಬ ಸಮಾಧಾನ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ.

ಯಾರಿಗಾಗಿ ಎಂಬ ಪ್ರಶ್ನೆ ದರ್ಶನಗಳಲ್ಲೂ ಇದೆ. ಕರುವಿಗಾಗಿ ಹಾಲು ಒಸರುವಂತೆ ಜಡ ಪ್ರಕೃತಿ ಚೇತನನಾದ ಪುರುಷನಿಗಾಗಿ ದುಡಿಯುತ್ತದೆ ಎಂದು ಈಶ್ವರಕೃಷ್ಣನ ಸಾಂಖ್ಯಕಾರಿಕೆ ವಾದಿಸುತ್ತದೆ. ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಇದನ್ನು ಒಪ್ಪಲಿಲ್ಲ: ಹಾಲು ಒಸರುವುದು ಚೇತನವಾದ ಹಸುವಿನ ವಾತ್ಸಲ್ಯದಿಂದ, ಹುಲ್ಲು ಹಸುವಿನ ಹೊಟ್ಟೆಯಲ್ಲಿ ಹಾಲಾದೀತು, ಎತ್ತಿನ ಹೊಟ್ಟೆಯಲ್ಲಿ ಆಗದು. ವಾದ ಚೆನ್ನ. ಆದರೆ ಇಬ್ಬರ ದೃಷ್ಟಾಂತವೂ ಕರುವಿನ ಬಾಯಿ ಸೇರಿದ ಹಾಲಿನದು. ಗುರಿ ತಪ್ಪಿದ್ದರ ಗೊಡವೆ ಅದಕ್ಕಿಲ್ಲ.

ಈ ಸೀಮೆಯ ಆಚರಣೆಗಳು ಆ ಗೊಡವೆಗೆ ಹತ್ತಿರ ಬರುತ್ತವೆ. ಆಳಂದದ ಕಡೆಯಿಂದ ಬರುವ ಅಮರ್ಜಾ ಭೀಮೆಯನ್ನು ಕೂಡುವ ಗಾಣಗಾಪುರದಲ್ಲಿ ಮಧ್ಯಾಹ್ನ ಭಕ್ತರು ಮನೆಮನೆಗೆ ಹೋಗಿ ಮಧುಕರಿ ಬೇಡುತ್ತಾರೆ. ಹೂವನ್ನು ನೋಯಿಸದೆ ಸ್ವಲ್ಪ ಸ್ವಲ್ಪವೇ ಹೀರುವ ದುಂಬಿ ಅದಕ್ಕೆ ಮಾದರಿ. ಅದು ಪಡೆಯುವ ಧರ್ಮ. ಜೋಳಕ್ಕೆ ಹೊಂದುವುದು ಕೊಡುವ ಧರ್ಮ. ಎಳ್ಳಮಾವಾಸ್ಯೆಯಂದು ಭಜ್ಜಿ, ಕಡುಬು, ಸಜ್ಜಿ ರೊಟ್ಟಿ ಕಲಸಿ ಹೊಲದ ತುಂಬ ಚರಗ ಚೆಲ್ಲುತ್ತಾರೆ. ಯಾವ ತುತ್ತು ಯಾವ ಹಕ್ಕಿಗೆ, ಯಾವ ಇರುವೆಗೆ ಎಂದು ಕೇಳುವವರಿಲ್ಲ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿದ ಮಹಾದಾಸೋಹಿ ಶರಣಬಸವೇಶ್ವರರು ಕಾಯಬೇಕಾದ ಹೊಲವನ್ನೇ ಹಕ್ಕಿಗಳಿಗೆ ಬಿಟ್ಟುಕೊಟ್ಟರೆಂದೂ, ಆದರೂ ರಾಶಿ ತುಂಬಿಬಂತೆಂದೂ ಭಕ್ತರು ಹೇಳುತ್ತಾರೆ. ಕಥೆಯ ತೂಕವೆಲ್ಲ ಮೊದಲ ಭಾಗದ್ದು. ರಾಶಿ ಬಾರದಿದ್ದರೂ ದಾಸೋಹ ದಾಸೋಹವೇ.

ಹಾಗೆಂದು ಪರಾಗವನ್ನೂ ದಾಸೋಹವೆನ್ನಲಾಗದು. ನನ್ನದೆಂಬುದನ್ನು ಬಿಟ್ಟುಕೊಟ್ಟಾಗ ದಾಸೋಹ. ಜೋಳದ ದಂಟಿಗೆ ನನ್ನದೆಂಬುದೇ ಇಲ್ಲ. ಪರಾಗ ವ್ಯರ್ಥವಾಯಿತು ಎನ್ನಲೂ ಅದೇ ಅಡ್ಡಿ: ನಷ್ಟ ಎಣಿಸುವ ಒಡೆಯ ಅಲ್ಲಿಲ್ಲ.