ನೊಗ ಕೂರುವ ಜಾಗ

ದಿನವೆಲ್ಲ ದುಡಿದು ಬಂದ ಎತ್ತಿನ ಮೈಯನ್ನು ಒಕ್ಕಲಿಗನು ಸಂಜೆ ತಿಕ್ಕಿ ನೀವುತ್ತಾನಷ್ಟೆ. ಇದು ದಯೆಯೋ, ಲಾಭದ ಲೆಕ್ಕವೋ? ನಾಳೆಯ ಉಳುಮೆಗೆ ಎತ್ತನ್ನು ಅಣಿಮಾಡಿಕೊಳ್ಳುವವನ ಕೈಯೂ, ನೊಂದ ಜೀವಕ್ಕೆ ನೆಮ್ಮದಿ ಬಯಸುವವನ ಕೈಯೂ ಆಡುವ ಬಗೆ ಒಂದೇ. ಹೊರಗಿನಿಂದ ನೋಡಿದವರಿಗೆ ಭೇದ ಕಾಣದು.

ಹರಿಹರದ ಬಳಿಯ ಕಡರನಾಯಕನಹಳ್ಳಿಯಂಥ ಊರುಗಳಲ್ಲಿ ಇದು ಬರಿಯ ತರ್ಕದ ಮಾತಲ್ಲ. ಭದ್ರಾ ನಾಲೆಯ ನೀರಿನಿಂದ ಭತ್ತದ ಸೀಮೆಯಾದ ಈ ಬಯಲಿನಲ್ಲಿ ಎತ್ತು ನಡೆಯಬೇಕಾದದ್ದು ಕೆಸರಿನಲ್ಲಿ. ಮಳೆಗೆ ತೊಯ್ದ ಹೆಗಲಿನ ಮೇಲೆ ನೊಗ ಉಜ್ಜಿದರೆ ತೊಗಲು ಬೇಗನೆ ಸುಲಿಯುತ್ತದೆ; ಜೋಡಿಯ ಎತ್ತರ ಹೊಂದದಿದ್ದರೆ ಭಾರವು ಓರೆಯಾಗಿ ಬಿದ್ದು ಒಳಗೆ ಬಾವು ಕಟ್ಟುತ್ತದೆ. ಗದ್ದೆಯ ಕೆಲಸದ ಬಹುಪಾಲನ್ನು ಇಂದು ಟ್ರ್ಯಾಕ್ಟರು ವಹಿಸಿಕೊಂಡಿದೆ, ನಿಜ. ಆದರೆ ನೊಗ ಹೊರುವ ಎತ್ತುಗಳು ಇಲ್ಲವಾಗಿಲ್ಲ.

ಅಂಗಮರ್ದನವು ಮನುಷ್ಯನು ಪಶುವಿಗೆ ಕಲಿಸಿದ ಭೋಗವೆಂದು ತಿಳಿಯಬಾರದು. ಹಸುಗಳು ಒಂದನ್ನೊಂದು ನೆಕ್ಕುವಾಗ ಹೆಚ್ಚಾಗಿ ತಲೆಯನ್ನೂ ಕೊರಳನ್ನೂ ಆರಿಸಿಕೊಳ್ಳುತ್ತವೆ. ಆಸ್ಟ್ರಿಯಾ ದೇಶದ ವಿದ್ವಾಂಸರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೊರಳಿನ ಕೆಳಭಾಗವನ್ನೂ ಹೆಗಲನ್ನೂ ಮನುಷ್ಯನು ನೀವಿದಾಗಲೂ ಹಸುಗಳು ಕೊರಳು ಚಾಚಿ, ಕಿವಿ ಜೋಲಿಸಿ ನಿಂತವು. ಫ್ರಾನ್ಸಿನ ಕಾಮಾರ್ಗ್ ಸೀಮೆಯ ಕುದುರೆಗಳು ಪರಸ್ಪರ ತುರಿಸಿಕೊಳ್ಳುವ ಕುತ್ತಿಗೆಯ ಬುಡವನ್ನು ಉಜ್ಜಿದಾಗ ಅವುಗಳ ಹೃದಯದ ಬಡಿತ ನಿಧಾನವಾದುದು 1993ರಲ್ಲಿ ವರದಿಯಾಯಿತು. ವಿಚಿತ್ರವೇನೆಂದರೆ, ಸೃಷ್ಟಿಯು ಸುಖವನ್ನಿಟ್ಟ ಜಾಗದ ಮೇಲೆಯೇ ಮನುಷ್ಯನು ನೊಗವನ್ನಿಟ್ಟನು!

ಲಾಭಕ್ಕಾಗಿ ಮಾಡಿದ ಉಪಚಾರದಿಂದಲೂ ಎತ್ತಿಗೆ ಸುಖವುಂಟು, ಅದನ್ನು ಹಳಿಯಬೇಕಾದದ್ದಿಲ್ಲ. ಬಿಗಿದ ಸ್ನಾಯು ಸಡಿಲವಾಗುತ್ತದೆ, ತೊಗಲಿಗೆ ರಕ್ತ ಹರಿಯುತ್ತದೆ. ಅದಕ್ಕಿಂತ ದೊಡ್ಡ ಪ್ರಯೋಜನವೆಂದರೆ ನೀವುವ ಕೈಗೆ ಬರುವ ತಿಳಿವು. ಕಣ್ಣಿಗೆ ಕಾಣದ ಬಿಸಿಯೂ, ಗಂಟೂ, ಮುಟ್ಟಿದೊಡನೆ ಅದುರುವ ತೊಗಲೂ ಬೆರಳಿಗೆ ತಿಳಿಯುತ್ತವೆ. ತಿಳಿದ ಮೇಲೆ ಏನು? ಧರ್ಮದ ಪ್ರಶ್ನೆ ಏಳುವುದು ಇಲ್ಲಿಯೇ. ಬಿಸಿಯೇರಿದ ಬಾವನ್ನು ತಿಕ್ಕುವುದು ಹಿಂಸೆ. ಅದಕ್ಕೆ ಬೇಕಾದದ್ದು ಬಿಡುವು, ಪಶುವೈದ್ಯರ ಚಿಕಿತ್ಸೆ. ರಾತ್ರಿ ಎಣ್ಣೆ ಸವರಿ ಬೆಳಿಗ್ಗೆ ಅದೇ ಹೆಗಲಿಗೆ ನೊಗವಿಡುವವನು ತನ್ನ ಕೈಗೆ ತಿಳಿದುದನ್ನು ತನ್ನ ಮನಸ್ಸಿನಿಂದ ಮುಚ್ಚಿಡುತ್ತಾನೆ. ಹುಣ್ಣಾಗಿ ಕೆಲಸಕ್ಕೆ ತಕ್ಕುದಲ್ಲದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ಅಪರಾಧ. ಆದರೆ ಪ್ರತಿ ಕೊಟ್ಟಿಗೆಗೂ ಬಂದು ಹೆಗಲು ಮುಟ್ಟಿ ನೋಡುವ ಅಧಿಕಾರಿಯುಂಟೆ? ಆ ನೊಗದ ಕೆಳಗಿನ ಸಂಗತಿಯನ್ನು ಬಲ್ಲವನು ಒಡೆಯನೊಬ್ಬನೇ.

ಕಾರಹುಣ್ಣಿಮೆಯಂದು ಕೋಡಿಗೆ ಬಣ್ಣ ಬಳಿದು ಎತ್ತುಗಳನ್ನು ಮೆರೆಸುತ್ತಾರೆ. ಮೆರವಣಿಗೆಗೆ ಬಾರದ ಮುದಿ ಎತ್ತೊಂದು ಆ ಹೊತ್ತು ಕೊಟ್ಟಿಗೆಯಲ್ಲಿ ಉಳಿದಿದ್ದೀತು. ಅದು ನಾಳೆ ಉಳುವುದಿಲ್ಲ. ಲೆಕ್ಕ ಅಲ್ಲಿಗೆ ಮುಗಿಯಿತು. ಇನ್ನೂ ಅದರ ಮೈ ನೀವುವವರಿದ್ದರೆ ಅದು ಯಾವ ಲಾಭಕ್ಕಾಗಿಯೂ ಅಲ್ಲ. ವರ್ಷಗಟ್ಟಲೆ ನೊಗ ಹೊತ್ತು ಜಡ್ಡುಗಟ್ಟಿದ ಆ ಹೆಗಲನ್ನು ತಾನೇ ನೆಕ್ಕಿಕೊಳ್ಳೋಣವೆಂದರೆ ಎತ್ತಿನ ನಾಲಗೆಗೆ ಅದು ಎಟುಕದು.