ಬಿಟ್ಟ ಹೆಸರು, ಕಸಿದುಕೊಂಡ ಹೆಸರು


ಇಂದಿನ ಧಮ್ಮ ಚಿಂತನೆ



ಮರಣಾನುಸ್ಸತಿಯನ್ನು ಅಭ್ಯಾಸ ಮಾಡುವವರಿಗೆ ಸ್ಮಶಾನ ಹೊಸದಲ್ಲ. ಸತಿಪಟ್ಠಾನ ಸುತ್ತದಲ್ಲಿ ತಥಾಗತರು ಒಂಬತ್ತು ಬಗೆಯ ಸ್ಮಶಾನ ಚಿಂತನೆಗಳನ್ನು ಹೇಳಿದ್ದಾರೆ. ಹೆಣ ಉಬ್ಬುವುದರಿಂದ ಹಿಡಿದು ಎಲುಬು ಪುಡಿಯಾಗುವ ತನಕ ಒಂದೊಂದು ಹಂತವನ್ನೂ ಮನಸ್ಸಿಗೆ ತಂದುಕೊಂಡು, ನನ್ನ ದೇಹದ ಗತಿಯೂ ಇದೇ ಎಂದು ಅರಿಯಬೇಕು. ಆ ಹೆಣ ಯಾರದು ಎಂಬ ಪ್ರಶ್ನೆ ಅಲ್ಲಿ ಬರುವುದೇ ಇಲ್ಲ. ಹೆಸರು, ಕುಲ, ಪದವಿ ಯಾವುದೂ ಲೆಕ್ಕಕ್ಕಿಲ್ಲ.

ಆದರೆ ಒಂದು ಬಗೆಯ ಸ್ಮಶಾನದಲ್ಲಿ ‘ಇವನು ಯಾರು?’ ಎಂದು ಕೇಳಲೇಬೇಕಾಗುತ್ತದೆ. ಅದು ಸೈನಿಕರ ಸ್ಮಶಾನ.

ಜನವರಿ 1ಕ್ಕೆ ಭೀಮಾ ಕೋರೆಗಾಂವಕ್ಕೆ ಹೊರಡುವ ನಮ್ಮ ಭಾಗದವರು ನಿಪ್ಪಾಣಿಯಿಂದ ಪುಣೆಯ ಹೆದ್ದಾರಿ ಹಿಡಿಯುತ್ತಾರೆ. ಅದೇ ಪುಣೆಯ ಖಡಕಿಯಲ್ಲಿ ಒಂದು ಯುದ್ಧ ಸ್ಮಶಾನವಿದೆ. ಎರಡನೇ ಮಹಾಯುದ್ಧದಲ್ಲಿ ಮಡಿದವರ 1,600ಕ್ಕೂ ಹೆಚ್ಚು ಗೋರಿಗಳು ಅಲ್ಲಿವೆ. ಬೇರೆ ಬೇರೆ ಊರುಗಳ ಹಳೆಯ ಸ್ಮಶಾನಗಳಲ್ಲಿದ್ದ ಗೋರಿಗಳನ್ನು ಹುಡುಕಿ ಅಲ್ಲಿಗೆ ತರಲಾಗಿದೆ. ಜೊತೆಗೆ ಮೊದಲ ಮಹಾಯುದ್ಧದ ಸ್ಮಾರಕವೂ ಇದೆ. ಅಂದಿನ ಭಾರತದ ದಂಡು ಪ್ರದೇಶಗಳ ಸ್ಮಶಾನಗಳಲ್ಲಿ ಹೂಳಲಾಗಿದ್ದು, ಈಗ ಗೋರಿಯನ್ನು ಕಾಯ್ದುಕೊಳ್ಳಲಾಗದ 1,800ಕ್ಕೂ ಹೆಚ್ಚು ಜನರ ನೆನಪು ಅದರಲ್ಲಿದೆ. ಗೋರಿ ಉಳಿಯದಿದ್ದರೂ ಹೆಸರಾದರೂ ಉಳಿಯಲಿ ಎಂಬ ಕಾಳಜಿ ಅದು.

ಇವನ್ನು ನೋಡಿಕೊಳ್ಳುವ ಯುದ್ಧ ಸಮಾಧಿಗಳ ಆಯೋಗ ಹುಟ್ಟಿದ್ದು 1917ರಲ್ಲಿ. ಸತ್ತ ಪ್ರತಿಯೊಬ್ಬನ ಹೆಸರೂ ಕಲ್ಲಿನ ಮೇಲೆ ಇರಬೇಕು, ಅಧಿಕಾರಿ–ಸಿಪಾಯಿ, ಬಿಳಿಯ–ಕರಿಯ, ಆ ಧರ್ಮ–ಈ ಧರ್ಮ ಎಂಬ ಭೇದ ಇರಬಾರದು ಎಂಬುದು ಅದರ ನಿಯಮ. ಸಮತೆಯನ್ನು ನಂಬುವ ನಮಗೆ ಇದನ್ನು ಕೇಳಿದರೆ ಸಂತೋಷವಾಗುತ್ತದೆ.

ಆದರೆ ಇರಾಕಿನ ಬಸ್ರಾಕ್ಕೆ ಬನ್ನಿ. ಮೊದಲ ಮಹಾಯುದ್ಧದಲ್ಲಿ ಆ ಪ್ರಾಂತದಲ್ಲಿ ಸತ್ತು, ಗೋರಿಯೇ ಗೊತ್ತಿಲ್ಲದ 40,000ಕ್ಕೂ ಹೆಚ್ಚು ಸೈನಿಕರ ಸ್ಮಾರಕ ಅಲ್ಲಿದೆ. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಹಿಂದಿನ ಪಲ್ಟಣಗಳು ಕಾದಿದ್ದು ಆ ನೆಲದಲ್ಲೇ. ಕುತ್ ಪಟ್ಟಣದ ಮುತ್ತಿಗೆಯಲ್ಲಿ ಹಸಿದು, ಬಳಲಿ, 1916ರ ಏಪ್ರಿಲ್ 29ರಂದು ಶರಣಾದ ಸೈನ್ಯದಲ್ಲಿ ಅವೂ ಇದ್ದವು. ಸ್ಮಾರಕದ ಗೋಡೆಯ ಮೇಲೆ ಬ್ರಿಟಿಷ್ ಸೈನಿಕರ ಹೆಸರುಗಳಿವೆ, ಭಾರತೀಯ ಅಧಿಕಾರಿಗಳ ಹೆಸರುಗಳೂ ಇವೆ. ಭಾರತೀಯ ಸಿಪಾಯಿಗಳದ್ದು? ಪಲ್ಟಣದ ಹೆಸರಿನ ಕೆಳಗೆ ಇಷ್ಟು ಜನ ಎಂಬ ಒಂದು ಅಂಕಿ, ಅಷ್ಟೇ. ಫ್ರಾನ್ಸಿನ ನವ್ ಶಾಪೆಲ್ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಒಂದೊಂದಾಗಿ ಕೆತ್ತಿದವರೇ ಇಲ್ಲಿ ಬರೀ ಲೆಕ್ಕ ಬರೆದರು. 2021ರಲ್ಲಿ ಆಯೋಗವೇ ತನ್ನ ವರದಿಯಲ್ಲಿ ಇದನ್ನು ಒಪ್ಪಿಕೊಂಡು ಕ್ಷಮೆ ಕೇಳಿತು. ಹೆಸರಿಲ್ಲದೆ, ಅಥವಾ ಯಾವ ಸ್ಮಾರಕವೂ ಇಲ್ಲದೆ ಹೋದವರು ಕನಿಷ್ಠ 1,16,000. ಅದು 3,50,000ದವರೆಗೂ ಇರಬಹುದು. ಅವರಲ್ಲಿ ಹೆಚ್ಚಿನವರು ಆಫ್ರಿಕಾ, ಏಷ್ಯಾದವರು.

ಕನ್ನಡ ಓದಿದ ನನಗೆ ಇಲ್ಲಿ ಆತಕೂರಿನ ಶಾಸನ ನೆನಪಾಗುತ್ತದೆ. ಕ್ರಿ.ಶ. 949–50ರ ಕಲ್ಲು ಅದು. ಕಾಡುಹಂದಿಯೊಡನೆ ಹೋರಾಡಿ ಸತ್ತ ಒಂದು ನಾಯಿಯನ್ನು ನೆನೆದು ಮಣಲೇರನೆಂಬ ವೀರ ಅದನ್ನು ನಿಲ್ಲಿಸಿದ. ಆ ನಾಯಿಯ ಹೆಸರು ಕಾಳಿ. ಸಾವಿರ ವರ್ಷ ಕಳೆದರೂ ಆ ಹೆಸರನ್ನು ನಾವು ಓದುತ್ತಿದ್ದೇವೆ. ನಮ್ಮ ನಾಡಿನಲ್ಲಿ ಒಂದು ನಾಯಿಗೆ ಸಿಕ್ಕ ಮರ್ಯಾದೆ ಬಸ್ರಾದ ಗೋಡೆಯ ಮೇಲೆ ನಮ್ಮ ಮುತ್ತಜ್ಜಂದಿರಿಗೆ ಸಿಗಲಿಲ್ಲ.

ಇಲ್ಲಿ ನಮ್ಮಲ್ಲೇ ಒಬ್ಬರು ಕೇಳಬಹುದು: “ಸರ್, ಧಮ್ಮ ಅನತ್ತವನ್ನು ಕಲಿಸುತ್ತದೆ. ಹೆಸರು ಬರೀ ಕರೆಯುವ ಅನುಕೂಲಕ್ಕೆ. ಸತ್ತವನ ಹೆಸರಿಗಾಗಿ ಹುಡುಕಾಡುವುದು ಉಪಾದಾನವಲ್ಲವೇ?”

ಒಳ್ಳೆಯ ಪ್ರಶ್ನೆ. ಬುದ್ಧರು ಸಂಘವನ್ನು ಮಹಾಸಾಗರಕ್ಕೆ ಹೋಲಿಸಿದರು. ಗಂಗೆ, ಯಮುನೆಯಂಥ ನದಿಗಳು ಸಾಗರ ಸೇರಿದ ಮೇಲೆ ಹಳೆಯ ಹೆಸರು ಬಿಡುತ್ತವೆ, ಹಾಗೆಯೇ ನಾಲ್ಕೂ ವರ್ಣದವರು ಸಂಘ ಸೇರಿದ ಮೇಲೆ ತಮ್ಮ ಹಳೆಯ ಗುರುತು ಬಿಡುತ್ತಾರೆ ಎಂದರು. ನಮಗೆ ಇದು ಕಣ್ಣೆದುರಿನ ಮಾತು. ವೇದಗಂಗಾ ದೂಧಗಂಗೆಯಲ್ಲಿ ಹೆಸರು ಬಿಡುತ್ತದೆ, ದೂಧಗಂಗಾ ಕೃಷ್ಣೆಯಲ್ಲಿ ಹೆಸರು ಬಿಡುತ್ತದೆ.

ಆದರೆ ಗಮನಿಸಿ: ಸಾಗರದಲ್ಲಿ ಎಲ್ಲ ನದಿಗಳೂ ಹೆಸರು ಬಿಡುತ್ತವೆ. ಕೆಲವು ನದಿಗಳು ಹೆಸರು ಉಳಿಸಿಕೊಂಡು, ಉಳಿದವು ಮಾತ್ರ ಕಳೆದುಕೊಂಡರೆ ಅದು ಸಾಗರವಲ್ಲ. ಬಸ್ರಾದಲ್ಲಿ ಆದದ್ದು ಇದೇ. ಭಿಕ್ಖು ತಾನೇ ತಿಳಿದು ಹೆಸರನ್ನು ಬಿಡುತ್ತಾನೆ, ಅದು ತ್ಯಾಗ. ಸಿಪಾಯಿಯ ಹೆಸರನ್ನು ಅವನು ಸತ್ತ ಮೇಲೆ ಇನ್ನೊಬ್ಬರು ಕಸಿದುಕೊಂಡರು, ಅದು ಅನ್ಯಾಯ. ಅನ್ಯಾಯಕ್ಕೆ ಅನತ್ತದ ಬಟ್ಟೆ ಹೊದಿಸಬಾರದು. ಇನ್ನೊಂದು ಮಾತು. ಸಂಘ ಸೇರಿದವರು ಕುಲದ ಗುರುತು ಬಿಟ್ಟರೂ ಸಂಘ ಅವರನ್ನು ಮರೆಯಲಿಲ್ಲ. ಬಾಡಿದ ಹೂ ಗುಡಿಸುತ್ತಿದ್ದ ಸುನೀತನ ಹೆಸರು ಥೇರಗಾಥೆಯಲ್ಲಿ ಇಂದಿಗೂ ಇದೆ. ನನ್ನ ಹೆಸರನ್ನು ನಾನು ಬಿಡುವುದು ವೈರಾಗ್ಯ. ಇನ್ನೊಬ್ಬರ ಹೆಸರನ್ನು ನಾನು ಕಾಯುವುದು ಕೃತಜ್ಞತೆ. ಧಮ್ಮದಲ್ಲಿ ಎರಡೂ ಬೇಕು.

ಹಾಗೆಂದು ನಾವು ಯುದ್ಧವನ್ನು ಕೊಂಡಾಡುವುದಿಲ್ಲ. ನಮ್ಮ ವೀರಗಲ್ಲುಗಳಲ್ಲಿ ಸತ್ತ ವೀರನನ್ನು ಅಪ್ಸರೆಯರು ಸ್ವರ್ಗಕ್ಕೆ ಒಯ್ಯುತ್ತಾರೆ. ಯುದ್ಧದಲ್ಲಿ ಮಡಿದವನಿಗೆ ಸ್ವರ್ಗ ಉಂಟೇ ಎಂದು ಒಬ್ಬ ಯೋಧರ ಮುಖಂಡ ಬುದ್ಧರನ್ನು ಕೇಳಿದಾಗ, ಅದನ್ನು ಕೇಳಬೇಡ ಎಂದು ತಡೆದರು. ಅವನು ಬಿಡದೆ ಕೇಳಿದಾಗ, ಕೊಲ್ಲುವ ಮನಸ್ಸಿನಲ್ಲಿ ಸತ್ತವನಿಗೆ ಸ್ವರ್ಗವಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಆ ಯೋಧ ಅತ್ತ. ಇಷ್ಟು ದಿನ ತನ್ನವರೇ ತನಗೆ ಮೋಸ ಮಾಡಿದರಲ್ಲ ಎಂದು ಅತ್ತ. ಆದ್ದರಿಂದ ನಾವು ಸಿಪಾಯಿಯ ಹೆಸರನ್ನು ಹುಡುಕುವುದು ಅವನನ್ನು ಸ್ವರ್ಗಕ್ಕೆ ಏರಿಸಲು ಅಲ್ಲ. ಬಡತನ ಅವನನ್ನು ಪಲ್ಟಣಕ್ಕೆ ಕಳಿಸಿರಬಹುದು, ಊರಿನಲ್ಲಿ ಸಿಗದ ಮಾನ ಅಲ್ಲಿ ಸಿಕ್ಕೀತೆಂಬ ಆಸೆ ಇದ್ದಿರಬಹುದು. ಅವನೂ ದುಃಖ ಉಂಡ ಮನುಷ್ಯ ಎಂದು ಒಪ್ಪಲು ನಾವು ಹುಡುಕುತ್ತೇವೆ.

ಬಾಬಾಸಾಹೇಬರು 1927ರ ಜನವರಿ 1ರಂದು ಕೋರೆಗಾಂವದ ಕಂಬದ ಎದುರು ನಿಂತದ್ದನ್ನು ಈ ಬೆಳಕಿನಲ್ಲಿ ನೋಡೋಣ. ಆ ಕಲ್ಲಿನ ಮೇಲೆ ಮಡಿದ 49 ಜನರ ಹೆಸರುಗಳಿವೆ. ಅವುಗಳಲ್ಲಿ ‘ನಾಕ’ ಎಂದು ಮುಗಿಯುವ 22 ಹೆಸರುಗಳು ಮಹಾರ ಸಿಪಾಯಿಗಳವು. ಅವರ ಬದಲು ಅಲ್ಲಿ ‘22’ ಎಂಬ ಅಂಕಿ ಮಾತ್ರ ಇದ್ದಿದ್ದರೆ? ಅವರು ನಮ್ಮವರೆಂದು ಯಾರಿಗೆ ತಿಳಿಯುತ್ತಿತ್ತು? ಹೆಸರು ಉಳಿದದ್ದರಿಂದ ಒಂದು ಸಮುದಾಯ ತಲೆ ಎತ್ತಿತು.

ಇಂದಿನ ಅಭ್ಯಾಸ:

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಹಿರಿಯರನ್ನು ಕೇಳಿ. ಮಹಾಯುದ್ಧಕ್ಕೆ ಹೋಗಿ ತಿರುಗಿ ಬಾರದವರು ಯಾರಾದರೂ ಇದ್ದರೇ? ಹಳೆಯ ಟ್ರಂಕಿನಲ್ಲಿ ಪದಕ ಸಿಕ್ಕರೆ ಅದರ ಅಂಚು ನೋಡಿ. ಮೊದಲ ಮಹಾಯುದ್ಧದ ಪದಕಗಳ ಅಂಚಿನಲ್ಲಿ ಸಿಪಾಯಿಯ ನಂಬರು, ಹೆಸರು, ಪಲ್ಟಣ ಇರುತ್ತವೆ. ಆಯೋಗದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಹಲವು ದಾಖಲೆಗಳಲ್ಲಿ ತಂದೆಯ ಹೆಸರು, ಊರು, ಜಿಲ್ಲೆಯೂ ಇರುತ್ತವೆ. ಅಂದಿನ ಇಂಗ್ಲಿಷ್ ಕಾಗುಣಿತದಲ್ಲೇ ಹುಡುಕಬೇಕು. ನಿಪ್ಪಾಣಿ, ಕಾಗವಾಡ ಆಗ ತಾಲೂಕುಗಳಾಗಿರಲಿಲ್ಲ, ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಹಾಗಾಗಿ ಚಿಕ್ಕೋಡಿ, ಅಥಣಿಯವರು ‘ಬೆಳಗಾಂ’ ಎಂದು, ರಾಯಬಾಗದವರು ‘ಕೊಲ್ಹಾಪುರ’ ಎಂದು ನೋಡಿ. ನಮ್ಮವರಲ್ಲಿ ಬಹಳ ಜನರನ್ನು ದಹನ ಮಾಡಿದ್ದರು, ಅವರಿಗೆ ಗೋರಿಯೇ ಇಲ್ಲ. ಆ ದಾಖಲೆಯ ಒಂದು ಸಾಲೇ ಅವರ ಗೋರಿ.

ಹೆಸರು ಸಿಕ್ಕರೆ ಸಂಜೆಯ ವಂದನೆಯಲ್ಲಿ ಅದನ್ನು ಒಮ್ಮೆ ಗಟ್ಟಿಯಾಗಿ ಹೇಳಿ, ಇಂದು ಮಾಡಿದ ಪುಣ್ಯವನ್ನು ಅವರಿಗೆ ಅರ್ಪಿಸಿ. ಸಿಗದಿದ್ದರೂ ಅಂಕಿಯೊಳಗೆ ಅಡಗಿರುವ ಆ ಎಲ್ಲರಿಗೆ ಅರ್ಪಿಸಿ. ಕೊಂದವರು, ಸತ್ತವರು, ಎರಡೂ ಕಡೆಯವರು, ಎಲ್ಲರೂ ಆ ಮೈತ್ರಿಯೊಳಗೆ ಬರಲಿ.

ಸಾಧು, ಸಾಧು, ಸಾಧು.